ಅಕ್ಕೋರ ಮನೆಗೆ ರಸ್ತೆ

ಆ ಬೆಳಿಗ್ಗೆ ನಾನು ನಿಂತಿದ್ದು ಅಕ್ಕೋರ ಮನೆಯ ದಣಪೆ ಬಾಗಿಲಿನ ಬಲಗಡೆ, ಬಾವಿಕಟ್ಟೆಗೆ ಬೆನ್ನು ಕೊಟ್ಟು. ಸಂಕ್ರಾಂತಿಗೆ ಮುಂಚಿನ ಭಾನುವಾರ, ಹೊಳೆಯಲ್ಲಿ ಇಳಿತ. ಕಾರು ಬಂದು ನಿಂತಾಗ ಅದರ ಕಿಟಕಿ ನನ್ನಿಂದ ಒಂದು ಮಾರು ದೂರವಿತ್ತು. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಗಾಜಿನ ಒಳಗೆ ಮೊದಲು ಕಂಡದ್ದು ಅಕ್ಕೋರ ಎಡಗೈ. ಆ ಕೈಯಲ್ಲಿ ಅವರ ಚಪ್ಪಲಿಗಳಿದ್ದವು. ಕಾರಿನಲ್ಲಿ ಕೂತಿದ್ದರೂ, ಮನೆ ಹತ್ತಿರ ಬಂತೆಂದು ಕಳಚಿ ಹಿಡಿದುಕೊಂಡಿದ್ದರು.

ನಮ್ಮ ಕೇರಿ ಮಾವಿನಕುರ್ವೆ ನಡುಗಡ್ಡೆಯ ಎದುರು ದಡದಲ್ಲಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ನನ್ನ ನೆರೆಯವರು. ಅವರ ಮನೆಗೂ ಡಾಂಬರು ರಸ್ತೆಗೂ ನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾಗಿಡಗಳ ಕೆಸರು, ಅದರ ಮೇಲೆ ಒಬ್ಬರು ನಡೆಯುವಷ್ಟು ಅಗಲದ ಮಣ್ಣಿನ ಕಟ್ಟು. ನಿವೃತ್ತಿಯಾಗುವವರೆಗೂ ಅವರು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಆ ಕಟ್ಟಿನ ಮೇಲೆಯೇ ಶಾಲೆಗೆ ಹೋಗಿ ಬಂದರು.

ಒಂಬತ್ತನೇ ತರಗತಿಯವರನ್ನು ಪ್ರತಿವರ್ಷ ಅಲ್ಲಿಗೆ ಕರೆತರುತ್ತಿದ್ದರು. ಮಕ್ಕಳು ಮೊಣಕೈವರೆಗೆ ಕೆಸರಿಗೆ ಕೈ ಹಾಕಬೇಕು, ಕಪ್ಪು ಮಣ್ಣು ತೆಗೆದು ಮೂಸಬೇಕು. "ಇದು ಗಿಡ ಗಾಳಿಯಿಂದ ಹಿಡಿದು ತಂದ ಇಂಗಾಲ. ಹೊಗೆ ಆಗಿ ಮೇಲೆ ಹೋಗೂದು ಇಲ್ಲಿ ಮಲಗಿದ್ದು. ಎಬ್ಬಿಸಬೇಡಿ," ಎನ್ನುತ್ತಿದ್ದರು. ಊರು ಓದಿದರೆ ಊರಿನ ಹೊಗೆ ತಾನಾಗಿ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಓದು ಬಂದವನಿಗೆ ಎಲ್ಲಿ 'ಸಾಕು' ಎನ್ನಬೇಕೆಂದು ತಿಳಿಯುತ್ತದಂತೆ.

ಹೊಳೆಯಲ್ಲಿ ಬಳಚಿನ ಚಿಪ್ಪುಮೀನು ಹೆಕ್ಕಿ ಮಾರುವ ಹೆಂಗಸೊಬ್ಬಳು ಒಮ್ಮೆ ನನ್ನೆದುರೇ ಅವರನ್ನು ಚುಚ್ಚಿದಳು. "ನಿಮ್ಗೆ ಪಗಾರ ಬರ್ತದೆ, ಅದ್ಕೆ ಆಕಾಶದ ಹೊಗೆ ಕಾಣ್ತದೆ. ನಂಗೆ ಒಲೆ ಹೊಗೆ ದಾಟಿ ಎಂತದೂ ಕಾಣೂದಿಲ್ಲ, ಅಕ್ಕೋರೆ."

ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೌದು ಮಾರಾಯ್ತಿ, ನಿಂದೇ ಸಮ. ಹಂಗಾರೆ ನಿನ್ನ ಮಗಳನ್ನ ನಂಗೆ ಕೊಡು. ಅವಳಿಗೆ ಎರಡೂ ಕಾಣೂಹಂಗೆ ಮಾಡ್ತೆ."

ಹಾಗೆಯೇ ಮಾಡಿದರು. ಆ ಹುಡುಗಿ ಅಕ್ಕೋರ ಜಗಲಿಯಲ್ಲೇ ಕೂತು ಓದಿದಳು, ಸಿವಿಲ್ ಇಂಜಿನಿಯರ್ ಆದಳು, ಭಟ್ಕಳದ ಕಡೆ ಹೆದ್ದಾರಿ ಕೆಲಸಕ್ಕೆ ಸೇರಿದಳು. ತಾಯಿಯ ಮನೆಗೆ ಗ್ಯಾಸು ಬಂತು, ತಾರಸಿ ಬಂತು, ಫ್ರಿಜ್ಜು ಬಂತು, ಕಾರೂ ಬಂತು. ಉಳಿದ ಮನೆಗಳಲ್ಲೂ ಹೀಗೆಯೇ. ಸಂಜೆ ಹೊತ್ತು ಏಸಿಗಳ ಸದ್ದು ಕೇಳಿದರೆ ಅಕ್ಕೋರು, "ನಮ್ಮ ಮಕ್ಕಳು ಸೆಖೆ ತಿಂದದ್ದು ಸಾಕು," ಎನ್ನುತ್ತಿದ್ದರು. "ಆದ್ರೂ..." ಎಂದು ಎದ್ದು ಒಳಗೆ ಹೋಗುತ್ತಿದ್ದರು.

ನಿವೃತ್ತಿಯ ನಂತರ ಹಳೆಯ ವಿದ್ಯಾರ್ಥಿಗಳು ತಂಡ ತಂಡವಾಗಿ ಬಂದು ಗುರುವಂದನೆ ಮಾಡುತ್ತಿದ್ದರು. ಬಂದವರೆಲ್ಲ ಶಾಲು ಹೊದಿಸುವವರೇ. "ಬೀರು ತುಂಬಿ ಹೋತು. ಇನ್ನೊಂದು ಶಾಲು ತಂದ್ರೆ ನಾನು ಅಂಗಡಿ ಹಾಕ್ತೆ. ಉಪಯೋಗ ಆಗೂದು ಎಂತಾದ್ರೂ ಮಾಡಿ," ಎಂದು ಅವರೇ ಹೇಳಿದ್ದರು. ಹೇಳಿದ್ದು ಬಳಚಿನವಳ ಮಗಳ ತಂಡಕ್ಕೆ.

ಅದೇ ವರ್ಷ ಮಳೆಗಾಲದ ಕೊನೆಗೆ ಅಕ್ಕೋರು ಕಟ್ಟಿನ ಮೇಲೆ ಜಾರಿ ಬಿದ್ದರು. ಮೊಣಕಾಲು ಮುರಿದಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಳೆಯಲ್ಲಿ, ರಸ್ತೆಯವರೆಗೆ ಹೊತ್ತುಕೊಂಡು ಹೋದೆವು. ಕುರ್ಚಿಯ ಒಂದು ಕಾಲು ನನ್ನ ಕೈಯಲ್ಲಿತ್ತು, ಪಕ್ಕದ್ದು ಬಳಚಿನವಳ ಮಗಳ ಕೈಯಲ್ಲಿ. ರಜೆಗೆ ಬಂದಿದ್ದಳು. ದಾರಿಯುದ್ದಕ್ಕೂ ಅಕ್ಕೋರು ನರಳಿದ್ದನ್ನು ಇಬ್ಬರೂ ಕೇಳಿದೆವು.

ಆಪರೇಷನ್ ಆಗಿ ಅವರು ಧಾರೇಶ್ವರದ ತಂಗಿಯ ಮನೆಯಲ್ಲಿದ್ದಾಗ ಜೆಸಿಬಿ ಬಂತು. ಕೇರಿಗೆ ರಸ್ತೆ ಎಂದರೆ ಯಾರು ಬೇಡವೆನ್ನುತ್ತಾರೆ? ನಾನೂ ಅನ್ನಲಿಲ್ಲ, ಕುರ್ಚಿಯ ಭಾರ ಇನ್ನೂ ಕೈಯಲ್ಲಿತ್ತು. ಕಟ್ಟಿನ ಎರಡೂ ಬದಿಯ ಕಾಂಡ್ಲಾ ಉರುಳಿತು, ಕಪ್ಪು ಕೆಸರು ಮೇಲೆ ಬಂದು ಬಿಸಿಲಿಗೆ ಬಿರಿಯಿತು, ಅದರ ಮೇಲೆ ಕೆಂಪು ಮಣ್ಣು ಬಿತ್ತು. ಅಕ್ಕೋರಿಗೆ ಹೇಳಬೇಡಿ, ಬಂದಾಗ ನೋಡಲಿ ಎಂದು ಎಲ್ಲರಿಗೂ ತಾಕೀತಾಗಿತ್ತು.

ಭಾನುವಾರ ಅವರನ್ನು ಕರೆತಂದ ಕಾರು ಓಡಿಸುತ್ತಿದ್ದವಳು ಆ ಮಗಳೇ. ಬಾಗಿಲು ತೆರೆದು, "ಈ ರಸ್ತೆ ನಮ್ಮ ಗುರುವಂದನೆ, ಅಕ್ಕೋರೆ," ಎಂದಳು.

ಅಕ್ಕೋರು ಹಿಂದಕ್ಕೆ ತಿರುಗಿ, ಬಂದ ದಾರಿಯನ್ನು ಕೊನೆಯವರೆಗೂ ನೋಡಿದರು. ಅವರ ಮುಖದಲ್ಲಿದ್ದುದು ಸಿಟ್ಟಲ್ಲ. ನೀರಿನಲ್ಲಿ ಕಾಲಿಗೆ ನೆಲ ಸಿಗದಾಗ ಮನುಷ್ಯರ ಮುಖ ಹಾಗಾಗುತ್ತದೆ. ನಂತರ ಮಗಳ ಕಡೆ ತಿರುಗಿ, "ನಿಂಗೆ ಗೊತ್ತಿತ್ತಲೇ, ಮಗಾ?" ಎಂದರು.

"ಗೊತ್ತಿತ್ತು, ಅಕ್ಕೋರೆ. ಕೆಸರು ಮೂಸಿದ್ದೂ ನೆನಪಿತ್ತು. ಆದ್ರೆ ನೀವು ಕುರ್ಚಿಯಲ್ಲಿ ನರಳ್ತಿದ್ರಿ."

ಅಕ್ಕೋರು ಅವಳ ತಲೆಯ ಮೇಲೆ ಕೈಯಿಟ್ಟರು. "ಚಲೋ ಆತು. ಎಲ್ರೂ ಒಳಗೆ ಬನ್ನಿ, ಆಸ್ರಿಗೆ ಕುಡೀರಿ." ಬಳಚಿನವಳು ಮಾತ್ರ ಅಂಗಳದಲ್ಲೇ ಉಳಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮುಂದಿನ ಬೇಸಿಗೆಯಲ್ಲಿ ಅಕ್ಕೋರಿಗೆ ಎದೆನೋವು ಬಂತು. ಆಂಬುಲೆನ್ಸು ನೇರ ಅಂಗಳಕ್ಕೇ ಬಂತು, ಬದುಕಿದರು. ಆಸ್ಪತ್ರೆಯಿಂದ ಮರಳಿದ ದಿನ ಜಗಲಿಯಲ್ಲಿ ಕೂತು ನನಗೆ ಹೇಳಿದರು: "ನೋಡು ತಮಾ, ಬೇಡ ಅನ್ನೂಕೆ ಇದ್ದ ಒಂದು ಬಾಯಿಯೂ ಹೋತು. ಆ ರಸ್ತೆ ಇಲ್ದಿದ್ರೆ ನಾನು ಇಲ್ಲ. ಇನ್ನು ಯಾರಿಗೆ ಎಂತ ಕಲಿಸಲಿ?"



ಹೋದ ವರ್ಷ ಮಳೆ ಹಿಡಿಯುವ ಮೊದಲು ಅವರು ತೀರಿಕೊಂಡರು. ಕೊನೆಯ ದರ್ಶನಕ್ಕೆ ಬಂದವರ ಕಾರುಗಳು ಡಾಂಬರು ರಸ್ತೆಯವರೆಗೂ ಸಾಲಾಗಿ ನಿಂತಿದ್ದವು. ಎಲ್ಲವೂ ಅವರು ಓದಿಸಿದ ಮಕ್ಕಳವೇ.

ಆ ಭಾನುವಾರ ಹಿಂದಕ್ಕೆ ತಿರುಗಿ ನೋಡಿದಾಗಿನ ಅವರ ಮುಖವನ್ನು ಹತ್ತಿರದಿಂದ ಕಂಡವರು ಮೂವರು: ಬಳಚಿನವಳು, ಅವಳ ಮಗಳು, ನಾನು. ಮೂವರೂ ಬದುಕಿದ್ದೇವೆ. ಆಗಾಗ ಸಿಗುತ್ತೇವೆ, ಮೀನಿನ ದರ ಮಾತಾಡುತ್ತೇವೆ.