ರಿಯಾಕ್ಟರ್ ಕಾದ ದಿನ

ಹರಿಹರದ ಒಂದು ಚಿಕ್ಕ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಮರದ ತಿರುಳಿನಿಂದ ಕಾರಿನ ಬಣ್ಣಕ್ಕೆ ಬೆರೆಸುವ ಪಾಲಿಮರ್ ಮಾಡುತ್ತಿದ್ದೆವು. ಹತ್ತಿಯಷ್ಟು ಬೆಳ್ಳಗಿರುವ ತಿರುಳು, ರಿಯಾಕ್ಟರ್ ಎಂಬ ದೊಡ್ಡ ಉಕ್ಕಿನ ಹಂಡೆಯೊಳಗೆ ಆಮ್ಲಗಳ ಜೊತೆ ಕರಗಿ ಜೇನಿನಂತೆ ಮಂದವಾಗುತ್ತಿತ್ತು. ಕೆಟ್ಟ ತುಪ್ಪದಂಥ ಅದರ ವಾಸನೆ ಬಟ್ಟೆಗೆ ಅಂಟಿ, ಸಂಜೆ ಮನೆಗೆ ಹೋಗುವಾಗ ನಿಟ್ಟುವಳ್ಳಿಯ ಆಟೋದಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ವಾಸನೆ ರೂಢಿಯಾಯಿತು. ಹಂಡೆಯ ಭಯ ಮಾತ್ರ ಹೋಗಲಿಲ್ಲ. ಬೆಂಕಿಯಿಲ್ಲದೆ ಅದು ತಾನಾಗಿ ಕಾಯುತ್ತದೆ. ಸುತ್ತಲೂ ತಣ್ಣೀರು ಹರಿಯುತ್ತಿದ್ದರಷ್ಟೇ ಹತೋಟಿಯಲ್ಲಿರುತ್ತದೆ, ಇಲ್ಲವಾದರೆ ಸಿಡಿಯಬಹುದು.

ಒಂದು ಬೆಳಿಗ್ಗೆ ತಣ್ಣೀರಿನ ಪಂಪು ನಿಂತಿತು. ಮೀಟರಿನಲ್ಲಿ ಐವತ್ತು ಡಿಗ್ರಿ ಇದ್ದ ಕಾವು ನೋಡನೋಡುತ್ತ ಅರವತ್ತಾಯಿತು. ಸೈರನ್ ಕೂಗಿದ್ದೇ ಎಲ್ಲರೂ ಗೇಟಿಗೆ ಓಡಿದರು. ಉಳಿದವರು ನಾನು ಮತ್ತು ಆವರಗೆರೆಯ ಹಿರಿಯ ಆಪರೇಟರ್. ಮೇಲಿನ ಟ್ಯಾಂಕಿನ ನೀರು ಬಿಡಬಹುದಿತ್ತು, ಆದರೆ ಅದರ ವಾಲ್ವ್ ಹಂಡೆಯ ಹಿಂದಿತ್ತು, ತುಕ್ಕು ಹಿಡಿದಿತ್ತು.

“ತಂಗಿ, ಇಲ್ಲೇ ನಿಂತು ನಂಬರ್ ಕೂಗ್ತಿರು. ಎಪ್ಪತ್ತು ಆತಂದ್ರೆ ಓಡು, ನನ್ನ ಕಾಯ್ಬ್ಯಾಡ.”

“ನೀವು ಹೆಂಗೆ ಬರ್ತೀರಿ ಅಣ್ಣಾರೆ?”

“ಆಮ್ಯಾಲೆ ನೋಡಾಣ. ಕೂಗು,” ಎಂದು ಅವರು ಹಂಡೆಯ ಹಿಂದೆ ಹೋದರು.

ಕೂಗಿದೆ. ಅರವತ್ತೈದು. ಅರವತ್ತೆಂಟು. ಎಪ್ಪತ್ತು ಕಂಡದ್ದೇ, ಹೇಳುವುದನ್ನೂ ಮರೆತು ಓಡಿದೆ. ಬಾಗಿಲು ದಾಟುವಾಗ ಹಿಂದಿನಿಂದ ಅವರ ದನಿ ಬಂತು: “ಎಷ್ಟಾತು ತಂಗಿ?”

ನಾನಿನ್ನೂ ಅಲ್ಲೇ ಇದ್ದೇನೆಂದು ನಂಬಿದ್ದರು.

ವಾಪಸ್ ಬಂದೆ. “ಎಪ್ಪತ್ತೆರಡು! ಬಿಟ್ಟು ಬರ್ರಿ!” ಅವರು ಬಿಡಲಿಲ್ಲ. ವಾಲ್ವಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಜಗ್ಗುತ್ತಿದ್ದರು. ಹಿಂದೆ ನುಗ್ಗಿ ನಾನೂ ಪೈಪು ಹಿಡಿದೆ. ಹಂಡೆಯ ಶಾಖ ಬೆನ್ನಿಗೆ ತಾಗುತ್ತಿತ್ತು. ಎರಡನೇ ಜಗ್ಗಿಗೆ ವಾಲ್ವ್ ಕಿರ್ರೆಂದು ತಿರುಗಿ, ಹಂಡೆಯ ಸುತ್ತಲಿನ ಕೊಳವೆಗೆ ನೀರು ಧುಮುಕಿತು.

ಕಾವು ಎಪ್ಪತ್ತೈದಕ್ಕೆ ನಿಂತಿತು. ಬಹಳ ಹೊತ್ತಿನ ಮೇಲೆ ಎಪ್ಪತ್ನಾಲ್ಕಾಯಿತು. ಒಳಗಿನ ಮಾಲು ಕಂದುಬಣ್ಣಕ್ಕೆ ತಿರುಗಿ ಕೆಟ್ಟಿತ್ತು.

ಹೊರಗೆ ಕಟ್ಟೆಯ ಮೇಲೆ ಕೂತು ಇಬ್ಬರೂ ಚಹಾ ಕುಡಿದೆವು.

“ನಾ ಓಡಿ ಹೋಗಿದ್ದೆ ಅಣ್ಣಾರೆ,” ಎಂದೆ.

“ಓಡು ಅಂದಾಂವ ನಾನೇ ಅಲ್ಲೇನು? ನಂಗೂ ಭಾಳ ಹೆದ್ರಿಕಿ ಆಗಿತ್ತು. ಕಾಲೇ ಏಳಲಿಲ್ಲ, ಅದಕ್ಕ ಅಲ್ಲೇ ನಿಂತಿದ್ದೆ.”

ಮರುದಿನದಿಂದ, ಆ ವಾಲ್ವನ್ನು ನನ್ನ ಕೈಯಾರೆ ತಿರುಗಿಸಿ ನೋಡದೆ ಕೆಲಸ ಶುರುಮಾಡಲು ನಾನು ಸಹಿ ಹಾಕಲಿಲ್ಲ. ಮ್ಯಾನೇಜರ್ ಗೊಣಗಿದರು. ಅವರ ಗೊಣಗಾಟಕ್ಕೆ ಹೆದರುವಷ್ಟು ಹೆದರಿಕೆ ನನ್ನಲ್ಲಿ ಮಿಕ್ಕಿರಲಿಲ್ಲ.