ಮಳೆ ಕಾಣದ ಕಲ್ಲು

ಅವರ ಅಂಗಿಯ ಜೇಬು ಸದಾ ಒಂದು ಕಡೆ ಜೋತುಬಿದ್ದಿರುತ್ತಿತ್ತು. ಒಳಗೆ ಕಲ್ಲು. ಗುಡೇಕೋಟೆಯ ಗುಡ್ಡದಲ್ಲಿ ಆಯ್ದದ್ದು, ತೆಲಿಗಿಯಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿದ್ದು. ಕೊಟ್ಟೂರಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು, ನಾನು ಹೊಸದಾಗಿ ಸೇರಿದ ಕನ್ನಡ ಟೀಚರು. ಒಂದೊಂದು ಕಲ್ಲನ್ನೂ ಶೀಷೆಯಲ್ಲಿಟ್ಟು, ಎಲ್ಲಿಯದು, ಕೊಟ್ಟವರು ಯಾರು ಎಂದು ಬರೆದ ಚೀಟಿಯನ್ನು ತಳಕ್ಕೆ ಅಂಟಿಸಿ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿಡುತ್ತಿದ್ದರು. "ಸುಳ್ಳು ಚೀಟಿ ಹಚ್ಚಿದ್ರ ಕಲ್ಲಿಗೆ ಬೈದಂಗ ಆಕ್ಕೈತ್ರಿ" ಎನ್ನುತ್ತಿದ್ದರು.

ಒಂದು ಶೀಷೆಯ ಮುಚ್ಚಳಕ್ಕೆ ಮಾತ್ರ ಮೇಣ ಮೆತ್ತಿತ್ತು. ಒಳಗೊಂದು ಕಡುನೀಲಿ ಹರಳು. ತಳದಲ್ಲಿ, "ಮಳೆ ಕಾಣದ ನಾಡು. ಕೊಟ್ಟವರು: ತಮ್ಮ." ದೂರದ ಮರುಭೂಮಿಯ ತಾಮ್ರದ ಗಣಿಯಿಂದ ಅವರ ತಮ್ಮ ಕಳಿಸಿದ್ದು, ಮರುವರ್ಷ ಆತ ಅಲ್ಲೇ ತೀರಿಕೊಂಡಿದ್ದ.

"ಇದು ಮೈಲುತುತ್ತ ಅಲ್ಲೇನ್ರಿ ಸರ? ಗೊಬ್ಬರದ ಅಂಗಡ್ಯಾಗ ಸಿಗತೈತಿ" ಎಂದು ನಾನೊಮ್ಮೆ ಕೀಟಲೆ ಮಾಡಿದ್ದೆ.

ನಕ್ಕರು. "ಅದು ಮಂದಿ ಮಾಡಿದ್ದು, ಇದು ತಾನಾಗೇ ಹುಟ್ಟಿದ್ದು. ಮಳಿ ಬರದ ಕಡಿ ಮಾತ್ರ ಉಳೀತೈತಿ."

ಕನ್ನಡ ಟೀಚರಾದ ನನಗೆ ಅದು ಚೆಂದದ ಮಾತಾಗಿ ಕೇಳಿಸಿತೇ ಹೊರತು ಎಚ್ಚರಿಕೆಯಾಗಿ ಅಲ್ಲ. "ಹಂಗಾರ ಮನ್ಯಾಗ ಇಟ್ಕೊಳ್ರಿ" ಎಂದೆ.

"ಮನ್ಯಾಗಿದ್ರ ನಾನೊಬ್ಬನ ನೋಡ್ತೀನಿ. ಇಲ್ಲಿದ್ರ ನನ್ನ ತಮ್ಮನ್ನ ಇಷ್ಟೂ ಹುಡುಗ್ರು ನೋಡ್ತಾರ, ಟೀಚರಮ್ಮ."

ಆ ವರ್ಷ ಆಯುಧಪೂಜೆಗೆ ಅವರು ಹೊಳಲಿಗೆ, ನೆಂಟರ ಮನೆಗೆ ಹೋಗಿದ್ದರು. ಪ್ರಯೋಗಾಲಯ ತೊಳೆದು ಪೂಜೆ ಮಾಡುವ ಹುರುಪು ನನ್ನದು. ತಕ್ಕಡಿ ತೊಳೆದೆ, ಗಾಜಿನ ಸಾಮಾನು ತೊಳೆದೆ. ಮೇಣ ಕಿತ್ತು ಆ ಹರಳನ್ನೂ ಬಕೆಟ್ಟಿನ ನೀರಿಗೆ ಹಾಕಿ ಮಾವಿನೆಲೆ ತರಲು ಹೋದೆ. ಯಾರದೋ ಜೊತೆ ಮಾತಿಗೆ ನಿಂತೆ. ಬಂದು ನೋಡಿದರೆ ನೀರೆಲ್ಲ ನೀಲಿ, ಹರಳಿಲ್ಲ. ನೀರು ಚೆಲ್ಲಿ ಗೊಬ್ಬರದ ಅಂಗಡಿಗೆ ಓಡಿದೆ. ಅಷ್ಟೇ ದಪ್ಪದ ಮೈಲುತುತ್ತದ ತುಂಡು ತಂದು ಶೀಷೆಯಲ್ಲಿಟ್ಟು ಮೇಣ ಮೆತ್ತಿದೆ. ಮೇಲೆ ಕುಂಕುಮವನ್ನೂ ಹಚ್ಚಿದೆ.

ರಜೆ ಮುಗಿಸಿ ಬಂದ ಮೇಷ್ಟ್ರು ಶೀಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಬ್ಬ ಚೊಲೋ ಮಾಡೀರಿ, ಟೀಚರಮ್ಮ" ಎಂದು ಕಪಾಟಿನಲ್ಲಿಟ್ಟರು. ಸಿಕ್ಕಿಬೀಳಲಿಲ್ಲವೆಂದು ಸಮಾಧಾನಪಟ್ಟ ದಡ್ಡಿ ನಾನು. ಆಮೇಲೆ ಅವರು ಅದನ್ನು ತರಗತಿಗೆ ಒಯ್ಯಲಿಲ್ಲ. ತಮ್ಮನ ಮಾತನ್ನೂ ಎತ್ತಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನಾನು ವರ್ಷಗಳನ್ನು ನೂಕಿದೆ. ಅವರು ನಿವೃತ್ತರಾಗಿ ಹೋದರು.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ ಶೀಷೆ ಕೈಗಿಟ್ಟರು. "ಇದು ಟೀಚರಮ್ಮಂದು, ಮರೀದ ಕೊಡು ಅಂದಿದ್ರು ರೀ."

ತಳ ತಿರುಗಿಸಿದೆ. ಅವರದೇ ದುಂಡು ಅಕ್ಷರ, ಆ ಹಬ್ಬದ ರಜೆ ಮುಗಿದ ದಿನದ ತಾರೀಖು. "ಮೈಲುತುತ್ತ. ಕೊಟ್ಟೂರು, ಗೊಬ್ಬರದ ಅಂಗಡಿ. ಕೊಟ್ಟವರು: ಟೀಚರಮ್ಮ."

ಅಲ್ಲೇ ಕುಳಿತು ಅತ್ತೆ. ಅವರ ಹೆಂಡತಿ ನನ್ನನ್ನೇ ಸಮಾಧಾನ ಮಾಡುತ್ತ ಒಂದು ತಂಬಿಗೆ ನೀರು ತಂದುಕೊಟ್ಟರು.