ಸದ್ದಿಲ್ಲದ ಕಾರಿನಲ್ಲಿ ಅತ್ತೆಯ ಮನೆಗೆ

ಗೆಳೆಯರೇ, ಎಲೆಕ್ಟ್ರಿಕ್ ಕಾರು ತಗೊಂಡು ಏನು ಲಾಭ ಎಂದು ಕೇಳುತ್ತಿದ್ದಿರಲ್ಲ? ಬಂಕಿಗೆ ಹೋಗುವುದು ತಪ್ಪಿತು, ಮನೆಯಲ್ಲೇ ಚಾರ್ಜ್ ಆಗುತ್ತದೆ, ಅದೆಲ್ಲ ಇರಲಿ. ಇವತ್ತು ಅತ್ತೆಯ ಊರು ಕಮಲಾಪುರದಲ್ಲಿ ಸಿಕ್ಕ ಲಾಭ ಕೇಳಿ.

ನನ್ನ ಹಳೆಯ ಡೀಸೆಲ್ ಗಾಡಿಯ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಅತ್ತೆ ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿಯಲು ಕೂರುತ್ತಿದ್ದರು. ನಾನು ಒಳಗೆ ಬರುತ್ತಲೇ ಬಿಸಿ ರೊಟ್ಟಿ, ಜೊತೆಗೆ ಅಷ್ಟೇ ಬಿಸಿ ಬೈಗುಳ.

ಇವತ್ತು ಹೊಸ ಕಾರು ಸದ್ದಿಲ್ಲದೆ ಮನೆಯ ಮುಂದಿನ ಕಟ್ಟೆಯವರೆಗೂ ಬಂತು. ಅತ್ತೆ ಬೆನ್ನು ಮಾಡಿ ಕೂತು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು: "ನಮ್ಮ ಅಳಿಯ ಭಾಳ ಚಲೋ ಮನಷ್ಯಾ ಬಿಡವ್ವಾ, ಮಗ ಇದ್ದಂಗ ಹಾನ. ಎದುರಿಗಿ ಹೇಳಿದ್ರ ತೆಲಿಮ್ಯಾಲ ಕೂಡ್ತಾನಂತ ಬೈತೀನಿ."

ನಾನು ಕೆಮ್ಮಿದೆ. ಅತ್ತೆ ಗಡಬಡಿಸಿ ಎದ್ದರು.

"ಹಿಂಗ ಕಳ್ಳರಂಗ ಬರೂದೇನ್ರೀ? ಹಂಚ ಸೈತ ಇಟ್ಟಿಲ್ಲ! ಎಂಥಾ ಗಾಡಿ ತಗೊಂಡೀರಿ!"

ರೊಟ್ಟಿ ತಡವಾಯಿತು. ಹೊರಡುವಾಗ ಹಿಂದಿನ ಸೀಟಿನಲ್ಲಿ ಕೆಂಪು ಬಾಳೆಹಣ್ಣು ತುಂಬಿ ತಾಕೀತು ಮಾಡಿದರು: "ಮುಂದಿನ ಸಲ ಓಣಿ ತುದಿಗೇ ಹಾರ್ನ್ ಹೊಡೀರಿ."

"ಆಯ್ತ್ರೀ" ಅಂದೆ. ಕಲಬುರಗಿ ಮುಟ್ಟುವವರೆಗೂ ಆ ನಿಶ್ಶಬ್ದ ಕಾರಿನಲ್ಲಿ ಅವರ ಮಾತೇ ಕೇಳುತ್ತಿತ್ತು.

ಹಾರ್ನ್ ಮಾತ್ರ ನಾನು ಹೊಡೆಯುವವನಲ್ಲ.